ಹಾಲ್‌ನಲ್ಲಿ ಕೂತ ಡ್ಯಾಕ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮನೆ ಹಾಲ್‌ಗೆ ಈ ಡ್ಯಾಕ್ ಬಂದು ಕೆಲವು ವರ್ಷಗಳೇ ಆದವು. ಕಂಪ್ಯೂಟರ್, ಟಿವಿ, ಸಿಡಿಯಿಂದ ಬರುವ ಡಿಜಿಟಲ್ ಸಿಗ್ನಲ್ಲನ್ನು ಆಂಪ್ಲಿಫೈಯರ್‌ಗೆ ಅರ್ಥವಾಗುವ ಅನಲಾಗ್ ಸಿಗ್ನಲ್ ಮಾಡಿಕೊಡುವ ಚಿಕ್ಕ ಪೆಟ್ಟಿಗೆ. ಹಿಂದುಗಡೆ ಯುಎಸ್‌ಬಿ, ಆಪ್ಟಿಕಲ್, ಕೋಆಕ್ಸಿಯಲ್ ಇನ್‌ಪುಟ್, ಪಕ್ಕದಲ್ಲಿ ಆಂಪ್ಲಿಫೈಯರ್‌ಗೆ ಎಡ-ಬಲದ ಸದ್ದು ಕಳಿಸುವ ಒಂದು ಜೋಡಿ ಆರ್‌ಸಿಎ ಔಟ್‌ಪುಟ್. ಇದೇ ಥರದ ಪೆಟ್ಟಿಗೆಗಳನ್ನು ಹಲವು ಕಂಪನಿಗಳು ಮಾರುತ್ತವೆ. ನಾನು ಹೇಳುವುದು ಹೆಚ್ಚುಕಮ್ಮಿ ಎಲ್ಲಕ್ಕೂ ಹೊಂದುತ್ತದೆ, ಯಾಕೆಂದರೆ ಇಷ್ಟು ವರ್ಷದಲ್ಲಿ ಡ್ಯಾಕ್ ತಾನಾಗಿ ತೊಂದರೆ ಕೊಟ್ಟೇ ಇಲ್ಲ. ಬಂದ ತಕರಾರೆಲ್ಲ ಅದರ ಸುತ್ತಮುತ್ತಲಿನವು.

ಮೊದಲು ಕಾಡಿದ್ದು ಗುಂಯ್ ಅನ್ನುವ ಸದ್ದು. ಹಾಡು ನಿಲ್ಲಿಸಿದರೂ ಸ್ಪೀಕರ್‌ನಿಂದ ಸಣ್ಣಗೆ ಬರುತ್ತಲೇ ಇತ್ತು. ಡ್ಯಾಕ್ ಸರಿಯಿಲ್ಲ ಅಂತ ವಾಪಸ್ ಕಳಿಸುವವರು ಬಹಳಷ್ಟು ಜನ ಇದಕ್ಕೇ ಕಳಿಸುತ್ತಾರೆ. ಕಾರಣ ಸಾಮಾನ್ಯವಾಗಿ ಅರ್ತ್. ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಮೂರು ಪಿನ್ನಿನ ಪ್ಲಗ್ ಮೂಲಕ ಒಂದು ಅರ್ತ್ ಸಿಗುತ್ತದೆ. ಟಿವಿಗೆ ಕೇಬಲ್ಲಿನವರ ವೈರ್ ಮೂಲಕ ಇನ್ನೊಂದು ಬರುತ್ತದೆ. ಎರಡೂ ಒಂದೇ ಆಂಪ್ಲಿಫೈಯರ್‌ಗೆ ಸೇರಿದಾಗ ಆರ್‌ಸಿಎ ಕೇಬಲ್ಲಿನ ಹೊರಗಿನ ಜಾಲರಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ನಮ್ಮ ಮನೆ ಕರೆಂಟು 50 ಹರ್ಟ್ಸ್‌ನದ್ದು, ಕೇಳಿಸುವುದೂ ಅದೇ ಮತ್ತು ಅದರ ದುಪ್ಪಟ್ಟು. ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಆಮೇಲೆ ಟಿವಿಯ ಕೇಬಲ್ ವೈರ್ ಬಿಚ್ಚಿ ನೋಡಿ. ಯಾವುದನ್ನು ಬಿಚ್ಚಿದಾಗ ಸದ್ದು ನಿಲ್ಲುತ್ತದೋ ದಾರಿ ಅದೇ. ನಮ್ಮಲ್ಲಿ ನಿಂತದ್ದು ಕೇಬಲ್ ವೈರ್ ಬಿಚ್ಚಿದಾಗ. ಟಿವಿಯನ್ನು ಡ್ಯಾಕ್‌ಗೆ ಆಪ್ಟಿಕಲ್‌ನಲ್ಲಿ ಜೋಡಿಸಿದೆ, ಮುಗಿಯಿತು. ಅದರಲ್ಲಿ ಹೋಗುವುದು ಬರೀ ಬೆಳಕು, ಕರೆಂಟು ದಾಟುವ ಮಾತೇ ಇಲ್ಲ. ದಯವಿಟ್ಟು ಯಾರೂ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕಬೇಡಿ. ಹಾಗೆ ಸಲಹೆ ಕೊಡುವವರಿದ್ದಾರೆ, ಅದು ಜೀವಕ್ಕೇ ಅಪಾಯ.

ಇನ್ನೊಂದು ಗುಂಯ್ ಇದೆ, ಅದು ಸ್ಪೀಕರ್‌ನಿಂದಲ್ಲ, ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೇ ಬರುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಕೇಳಿಸಿದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಒಳಗಿನ ಟ್ರಾನ್ಸ್‌ಫಾರ್ಮರ್ ಅದಕ್ಕೆ ಹಾಗೆ ನಡುಗುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿದರೆ ಹೋಗುತ್ತದೆ, ಡ್ಯಾಕ್‌ಗೂ ಅದಕ್ಕೂ ಸಂಬಂಧವಿಲ್ಲ.

ಆಪ್ಟಿಕಲ್ ಕೇಬಲ್ ತಂದವರಿಗೆ ಒಂದು ಮಾತು. ಹೊಸ ಕೇಬಲ್ಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಪುಟ್ಟ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿದರೆ ಒಳಗೆ ಹೋಗುವುದಿಲ್ಲ, ಬಲವಂತ ಮಾಡಿದರೆ ಸಾಕೆಟ್ ಹಾಳು. ತೆಗೆದ ಮೇಲೆ ಒಂದು ತುದಿಯನ್ನು ಟಿವಿಗೆ ಹಾಕಿ, ಇನ್ನೊಂದನ್ನು ಅಂಗೈ ಮೇಲೆ ಹಿಡಿಯಿರಿ. ಕೆಂಪು ಚುಕ್ಕೆ ಕಂಡರೆ ಸಿಗ್ನಲ್ ಬರುತ್ತಿದೆ ಅಂತ. ಬೆಳಕಿದ್ದೂ ಸದ್ದಿಲ್ಲ, ಇಲ್ಲವೇ ಬರೀ ಕರಕರ ಅಂದರೆ ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಸದ್ದು) ಮಾಡಿ. ಟಿವಿ ಡಾಲ್ಬಿ, ಅಂದರೆ ಕುಗ್ಗಿಸಿ ಕಟ್ಟಿದ ಸದ್ದು, ಕಳಿಸುತ್ತಿದ್ದರೆ ಎರಡು ಚಾನೆಲ್ಲಿನ ಡ್ಯಾಕ್‌ಗೆ ಅದು ತಿಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ ನೋಡಬೇಕಾದ್ದು ಡ್ಯಾಕ್‌ನ ಮುಂದಿರುವ ಪುಟ್ಟ ಪರದೆ. ಸಿಡಿಯಿಂದ ತೆಗೆದ ಹಾಡು 44.1 ಕಿಲೋಹರ್ಟ್ಸ್ (ಸೆಕೆಂಡಿಗೆ ಸದ್ದಿನ 44,100 ಅಳತೆ), ಆದರೆ ಪರದೆ 48 ತೋರಿಸುತ್ತಿದ್ದರೆ ಮಧ್ಯದಲ್ಲಿ ವಿಂಡೋಸ್ ಕೈ ಆಡಿಸುತ್ತಿದೆ. ಅದು ಬರುವ ಸದ್ದನ್ನೆಲ್ಲ ಒಟ್ಟಿಗೆ ಬೆರೆಸಿ, ಸೆಟ್ಟಿಂಗ್‌ನಲ್ಲಿರುವ ಒಂದೇ ದರಕ್ಕೆ ಬದಲಿಸಿ ಕಳಿಸುತ್ತದೆ. ಹಾಡು ನುಡಿಸುವ ಸಾಫ್ಟ್‌ವೇರ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ (ಆ ಬೆರೆಸುವಿಕೆ ತಪ್ಪಿಸಿ ಹಾಡನ್ನು ನೇರ ಡ್ಯಾಕ್‌ಗೆ ಕಳಿಸುವ ದಾರಿ) ಆರಿಸಿದರೆ ಹಾಡಿಗೆ ತಕ್ಕಂತೆ ಪರದೆಯ ಅಂಕಿ ಬದಲಾಗುವುದು ಕಾಣುತ್ತದೆ. ಕಿವಿಗೆ ಭಾರಿ ವ್ಯತ್ಯಾಸ ಆಗುತ್ತದೆ ಅಂತ ನಾನು ಹೇಳಲಾರೆ, ಮನಸ್ಸಿಗೆ ಸಮಾಧಾನ. ಟಪ್ ಟಪ್ ಅಂತ ಕಡಿದು ಬರುವ ಸದ್ದು ಮಾತ್ರ ನಿಜವಾದ ತೊಂದರೆ. ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಹಾಕಿ, ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸಸ್ಪೆಂಡ್ ಆಫ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಬಫರ್ (ಹಾಡನ್ನು ಮುಂಚೆಯೇ ತುಂಬಿಟ್ಟುಕೊಳ್ಳುವ ಜಾಗ) ಸ್ವಲ್ಪ ಜಾಸ್ತಿ ಮಾಡಿ. ನನಗೆ ಅಷ್ಟೇ ಸಾಕಾಯಿತು.

ಹಳೇ ಆಂಪ್ಲಿಫೈಯರ್ ಇರುವವರಿಗೆ ವಾಲ್ಯೂಮ್ ಒಂದು ಸಮಸ್ಯೆ. ಡ್ಯಾಕ್ ಪೂರ್ತಿ ಸಿಗ್ನಲ್‌ಗೆ ಸುಮಾರು 2 ವೋಲ್ಟ್ ಕೊಡುತ್ತದೆ. ಹಳೇ ಆಂಪ್‌ಗಳಿಗೆ ಅದು ಜಾಸ್ತಿ. ಗುಂಡಿ ಸ್ವಲ್ಪ ತಿರುಗಿಸಿದರೆ ಸಾಕು, ಮನೆ ಅದುರುತ್ತದೆ. ಡ್ಯಾಕ್‌ನಲ್ಲೇ 10 ಡೆಸಿಬೆಲ್ ಇಳಿಸಿ ಇಟ್ಟುಕೊಳ್ಳಿ. ಡಿಜಿಟಲ್ ಆಗಿ ಸದ್ದು ಇಳಿಸಿದರೆ ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ಟಿನಷ್ಟು ಸೂಕ್ಷ್ಮತೆ ಹೋಗುತ್ತದೆ ಅನ್ನುವ ಲೆಕ್ಕ ನಿಜ, ಆದರೆ 16 ಬಿಟ್ಟಿನ ಹಾಡನ್ನು 24 ಬಿಟ್ಟಿನಲ್ಲಿ ಸಂಸ್ಕರಿಸುವಾಗ ಅಷ್ಟು ಇಳಿಸಿದ್ದಕ್ಕೆ ಏನೂ ಕಳೆದುಕೊಳ್ಳುವುದಿಲ್ಲ.

ಸದ್ದು ಹೇಗಿದೆ ಅಂತ ಕೇಳ್ತೀರಲ್ವಾ? ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕ್‌ನಿಂದ ಕೇಳುತ್ತಿದ್ದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹಿನ್ನೆಲೆಯ ಸಣ್ಣ ಗೊರಗೊರ ಹೋಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಒಂದು ಸ್ವರ ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ನನಗೆ ಕೊಟ್ಟ ದುಡ್ಡು ಬಂದದ್ದು ಅಲ್ಲೇ. ಆದರೆ ಒಂದು ಒಳ್ಳೆ ಡ್ಯಾಕ್ ಇದ್ದವರು ಚಿಪ್ ಹೆಸರು ನೋಡಿ ಇನ್ನೊಂದು ಕೊಳ್ಳಬೇಕಿಲ್ಲ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಒಕಾದಲ್ಲಿ ಡ್ಯಾಕ್ ಚಿಪ್ ತಯಾರಿಸುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದು ಅವರ ಚಿಪ್ ಸಿಗದೆ ಹೋದಾಗ ಎಷ್ಟೋ ಕಂಪನಿಗಳು ಬೇರೆ ಚಿಪ್ ಹಾಕಿ ಮಾರಿದವು. ಕೇಳುವವರು ಆರಾಮಾಗಿ ಕೇಳಿದರು. ಉಳಿದ ದುಡ್ಡನ್ನು ಸ್ಪೀಕರ್‌ಗೆ ಹಾಕಿ.

ನಾವಿರುವುದು ಮಂಗಳೂರಿನಲ್ಲಿ, ಹಾಗಾಗಿ ಮಳೆಗಾಲದ ವಿಷಯ ಹೇಳಲೇಬೇಕು. ಉಪ್ಪುಗಾಳಿ, ತೇವ ಸೇರಿ ಆರ್‌ಸಿಎ ಪ್ಲಗ್ ಮೇಲೆ ಹಸಿರು ಬಣ್ಣದ ಪುಡಿ ಕೂರುತ್ತದೆ. ಆಗ ಒಂದು ಕಡೆಯ ಸ್ಪೀಕರ್ ಬಂದುಹೋಗಿ ಮಾಡುತ್ತದೆ. ಡ್ಯಾಕ್ ಹತ್ತಿರ ಎಡ ಬಲ ಕೇಬಲ್ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಸ್ಪೀಕರ್‌ಗೆ ಹೋದರೆ ತಪ್ಪು ಡ್ಯಾಕ್ ಕಡೆ, ಹೋಗದಿದ್ದರೆ ಕೇಬಲ್ ಅಥವಾ ಆಂಪ್ ಕಡೆ. ಎಲ್ಲ ಆಫ್ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಪ್ಲಗ್ಗನ್ನು ತಿರುಗಿಸುತ್ತಾ ಹಾಕಿ. ಗುಡುಗು ಮಿಂಚಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಟಿವಿಯ ಕೇಬಲ್ ವೈರನ್ನೂ ಕಿತ್ತಿಡಬೇಕು. ಸಿಡಿಲು ದೂರದಲ್ಲಿರುವಾಗಲೇ ಮಾಡಿ, ತಲೆ ಮೇಲೆ ಗುಡುಗುವಾಗ ವೈರ್ ಮುಟ್ಟಬೇಡಿ.

ಸಿಡಿ ಜೋಪಾನ ಮಾಡಿಟ್ಟವರು ಅಟ್ಟದ ಮೇಲಿನ ಹಳೇ ಡಿವಿಡಿ ಪ್ಲೇಯರ್ ಕೆಳಗಿಳಿಸಿ. ಹಿಂದೆ ಕಿತ್ತಳೆ ಬಣ್ಣದ ಕೋಆಕ್ಸಿಯಲ್ ಸಾಕೆಟ್ ಇದ್ದರೆ ಅದನ್ನು ಡ್ಯಾಕ್‌ಗೆ ಜೋಡಿಸಿದರಾಯಿತು. ದುಬಾರಿ ಕೇಬಲ್ ಬೇಡ, ವಿಡಿಯೊಗೆ ಬಳಸುವ 75 ಓಮ್‌ನ ಹಳದಿ ತುದಿಯ ಕೇಬಲ್ ಸಾಕು. ಮೆನುವಿನಲ್ಲಿ ಇಲ್ಲೂ ಪಿಸಿಎಂ ಆರಿಸಿ. ಅದಕ್ಕೆ ಒಮ್ಮೆ ಟಿವಿಗೆ ಜೋಡಿಸಬೇಕಾಗುತ್ತದೆ, ಆಮೇಲೆ ಟಿವಿ ಬೇಕಾಗಿಲ್ಲ.