ಹೆರಿಗೆ ವಾರ್ಡಿನಲ್ಲಿ ಹೆಬ್ಬೆಟ್ಟು ಮೆಷಿನ್ ಹಿಡಿದು ಯಾರಾದರೂ ಬಂದರೆ ಓಡಿಸಿ

ಮನೆಯಲ್ಲಿ ಗರ್ಭಿಣಿಯರು ಇದ್ದರೆ ದಯವಿಟ್ಟು ಓದಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಹಣ ಬರುತ್ತದೆ, ಗೊತ್ತಲ್ವಾ? ನಮ್ಮ ರಾಜ್ಯದಲ್ಲಿ ಹಳ್ಳಿಯವರಿಗೆ 700, ಪೇಟೆಯವರಿಗೆ 600. ಆ 700 ರೂಪಾಯಿ ಕೊಡಿಸ್ತೀನಿ ಅಂತ ಬಂದವನು ನನ್ನ ಖಾತೆಯಿಂದ 4,500 ಎತ್ತಿಕೊಂಡು ಹೋದ.

ಹೆರಿಗೆಯಾದ ಮಾರನೇ ದಿನ. ಹೊಲಿಗೆ ಎಳೆಯುತ್ತಿತ್ತು, ಮಗು ಹಾಲು ಹಿಡಿಯದೆ ಅಳುತ್ತಿತ್ತು. ಅಮ್ಮ ಬಿಸಿನೀರು ತರಲು ಹೋಗಿದ್ದಳು. ಆಗ ಬಂದ. ಕೊರಳಲ್ಲಿ ಟ್ಯಾಗ್, ಕೈಯಲ್ಲಿ ಮಂಚದ ನಂಬರ್ ಬರೆದ ಪಟ್ಟಿ. "ಅಕ್ಕಾ, ತಾಯಿ ಕಾರ್ಡ್, ಆಧಾರ್ ಕೊಡಿ. ಜನನಿ ಸುರಕ್ಷಾದ್ದೂ ಮಾತೃವಂದನಾ ಎರಡನೇ ಕಂತೂ ಒಟ್ಟಿಗೆ ಹಾಕಿಸ್ತೀನಿ. ಡಿಸ್ಚಾರ್ಜ್ ಆದ್ಮೇಲೆ ಕೆವೈಸಿ ಆಗಲ್ಲ." ಮಾತೃವಂದನಾ ಅಂದರೆ ಗರ್ಭಿಣಿ, ಬಾಣಂತಿಯರಿಗೆ ಕೇಂದ್ರ ಸರ್ಕಾರ ಕಂತಿನಲ್ಲಿ ಕೊಡುವ ಹಣ.

ಆಸ್ಪತ್ರೆಯಲ್ಲಿ ಅದುವರೆಗೆ ಯಾರೂ ಒಂದು ರೂಪಾಯಿ ಕೇಳಿರಲಿಲ್ಲ. ಔಷಧಿ, ರಕ್ತ ಪರೀಕ್ಷೆ, ಊಟ ಎಲ್ಲ ಉಚಿತ. ಇವನೂ ಅಲ್ಲಿಯವನೇ ಅನ್ನಿಸಿತು. ಅನ್ನಿಸದೆ ಇರುತ್ತದೆಯೇ?

ಪುಟ್ಟ ಮೆಷಿನ್ ಮೇಲೆ ಹೆಬ್ಬೆರಳು ಇಡಿಸಿದ. ಕೆಂಪು ಬೆಳಕು ಬಂತು. "ಸರ್ವರ್ ಡೌನ್ ಅಕ್ಕಾ, ಬೆರಳು ಒರೆಸಿ ಇನ್ನೊಂದ್ಸಲ ಇಡಿ." ತನ್ನದೇ ಕರ್ಚೀಫ್ ಕೊಟ್ಟ! ಒರೆಸಿ ಇಟ್ಟೆ. "ಹಾಂ, ಆಯ್ತು. ಪಾಪು ಚೆನ್ನಾಗಿದೆ" ಅಂತ ಹೇಳಿ ಮುಂದಿನ ಮಂಚಕ್ಕೆ ಹೋದ. ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮೆಸೇಜ್ ಹೋಗಿದ್ದು ನನ್ನ ಗಂಡನ ಫೋನಿಗೆ. ರಾತ್ರಿ ನೋಡಿದರೆ 2,000 ಒಂದು ಸಲ, 2,500 ಇನ್ನೊಂದು ಸಲ ಕಟ್. ಮಾತೃವಂದನಾ ಮೊದಲ ಕಂತಿನ 3,000 ರೂಪಾಯಿ ಮಗುವಿಗೆ ಅಂತ ಮುಟ್ಟದೆ ಇಟ್ಟಿದ್ದೆವು. ಅದೂ ಅದರಲ್ಲೇ ಹೋಯಿತು.

ಅವನೇ ಕೊಟ್ಟ ನಂಬರಿಗೆ ಫೋನ್ ಮಾಡಿದೆವು. ಮೊದಲು, "ಅದು ವೆರಿಫಿಕೇಶನ್‌ಗೆ ಹಿಡಿದಿರೋದು ಅಣ್ಣಾ, ನಾಳೆ ವಾಪಸ್ ಬರುತ್ತೆ." ಮಾರನೇ ದಿನ, "ಬ್ಯಾಂಕಲ್ಲಿ ಕೇಳಿ." ಕೊನೆಗೆ, "ಹೆಬ್ಬೆಟ್ಟು ಒತ್ತಿದ್ದು ನಿಮ್ಮ ಹೆಂಡ್ತಿ ಅಲ್ವಾ? ನಾನೇನು ಕೈ ಹಿಡಿದು ಒತ್ತಿಸಿದ್ನಾ?" ಆಮೇಲೆ ಸ್ವಿಚ್ ಆಫ್. ಬ್ಯಾಂಕಿನವರದೂ ಅದೇ ರಾಗ: "ನಿಮ್ಮದೇ ಬೆರಳಚ್ಚು ಮ್ಯಾಚ್ ಆಗಿದೆ ನೋಡಿ." ಬಾಣಂತಿ ಅಂತ ನೋಡದೆ ನಿಂತಲ್ಲೇ ನಿಲ್ಲಿಸಿ ಹೇಳಿದರು.

ಆಶಾ ಅಕ್ಕ ಬಂದು ತಲೆ ಚಚ್ಚಿಕೊಂಡರು. ಹಣ ಖಾತೆಗೆ ಬರಲು ಹೆಬ್ಬೆಟ್ಟು ಬೇಕಿಲ್ಲ, ತೆಗೆಯಲು ಬೇಕು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಓಟಿಪಿ ಕೂಡ ಇಲ್ಲದೆ ತೆಗೆಯಬಹುದು. ಮಾತೃವಂದನಾ ಎರಡನೇ ಕಂತು 2,000 ಬರಬೇಕಾದರೆ ಮಗುವಿನ ಜನನ ನೋಂದಣಿ ಆಗಬೇಕು, ಮೊದಲ ಸುತ್ತಿನ ಲಸಿಕೆ ಮುಗಿಯಬೇಕು. ಅಷ್ಟೊತ್ತಿಗೆ ಮಗುವಿಗೆ ಮೂರು ತಿಂಗಳು ದಾಟಿರುತ್ತದೆ. ಹುಟ್ಟಿದ ಮಾರನೇ ದಿನ ಅದನ್ನು ಯಾರೂ ಹಾಕಿಸಲಾರರು. ಇದನ್ನು ವಾರ್ಡಿನಲ್ಲಿ ಒಬ್ಬರಾದರೂ ಮೊದಲೇ ಹೇಳಬಾರದಿತ್ತಾ?

ಕಾಗದಪತ್ರ ಆಶಾ ಅಥವಾ ಅಂಗನವಾಡಿಯವರ ಕೈಗೆ ಮಾತ್ರ ಕೊಡಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು) ಲಾಕ್ ಮಾಡಿಬಿಡಿ, ಹೆರಿಗೆಗೆ ಹೋಗುವ ಮೊದಲೇ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ಬರುತ್ತೆ ಅನ್ನುವವರ ಮಾತು ಕೇಳಿ ಕೂರಬೇಡಿ.

ನಾವೂ ದೂರು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ "ಅವನು ನಮ್ಮ ಸ್ಟಾಫ್ ಅಲ್ಲ" ಅಂದರು. ಸ್ಟಾಫ್ ಅಲ್ಲದವನ ಕೈಗೆ ಮಂಚದ ಪಟ್ಟಿ ಹೇಗೆ ಬಂತು ಅಂದರೆ ಉತ್ತರವಿಲ್ಲ. ವಾರ್ಡಿನ ಬಾಗಿಲಿಗೆ ಒಂದು ಬೋರ್ಡ್ ಹಾಕಿ ಅಂದೆವು, ಬರವಣಿಗೆಯಲ್ಲಿ ಕೊಡಿ ಅಂದರು. ಕೊಟ್ಟೆವು. ಬೋರ್ಡ್ ಇನ್ನೂ ಹಾಕಿಲ್ಲ.