ಮ್ಯಾಕ್ ಟರ್ಮಿನಲ್‌ನ ಕಮಾಂಡ್-ಕೆ: ಬಳಕೆದಾರನ ವಿಮರ್ಶೆ

ಕಮಾಂಡ್‌ಗಳನ್ನು ಟೈಪ್ ಮಾಡಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸಲು ಮ್ಯಾಕ್ ಜೊತೆಗೇ ಬರುವ ಟರ್ಮಿನಲ್ ಆ್ಯಪ್‌ನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸೌಲಭ್ಯ ಕಮಾಂಡ್-ಕೆ. ಇದನ್ನು ಒತ್ತಿದರೆ ಪರದೆಯ ಮೇಲೆ ಕಾಣುವುದಷ್ಟೇ ಅಲ್ಲ, ಸ್ಕ್ರೋಲ್ ಮಾಡಿದಾಗ ಸಿಗುವ ಹಳೆಯ ಸಾಲುಗಳೂ ಒಮ್ಮೆಗೇ ಅಳಿಸಿಹೋಗುತ್ತವೆ. ಅರ್ಧ ಟೈಪ್ ಮಾಡಿದ್ದ ಕಮಾಂಡ್ ಮಾತ್ರ ಹಾಗೆಯೇ ಉಳಿದು ವಿಂಡೋದ ಮೇಲ್ತುದಿಗೆ ಬಂದು ನಿಲ್ಲುತ್ತದೆ.

ಅನೇಕರು ಕಂಟ್ರೋಲ್-ಎಲ್ ಒತ್ತಿ ಅಷ್ಟಕ್ಕೇ ತೃಪ್ತರಾಗುತ್ತಾರೆ. ಆದರೆ ಅದು ಶೆಲ್, ಅಂದರೆ ಟರ್ಮಿನಲ್ ಒಳಗೆ ನಮ್ಮ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ, ಮಾಡುವ ಕೆಲಸ. ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಸಾಲು) ನಮಗಾಗಿ ಕಾಯುತ್ತಿರುವಾಗ ಮಾತ್ರ ನಡೆಯುತ್ತದೆ, ಹಳೆಯ ಸಾಲುಗಳನ್ನೂ ಮುಟ್ಟುವುದಿಲ್ಲ. ಸರ್ವರ್‌ನ ಲಾಗ್ ಫೈಲಿಗೆ (ನಡೆದದ್ದನ್ನೆಲ್ಲ ದಾಖಲಿಸುವ ಫೈಲು) ಸೇರುವ ಹೊಸ ಸಾಲುಗಳನ್ನು ಟೇಲ್ ಕಮಾಂಡ್‌ನಿಂದ ನೋಡುತ್ತಿರುವಾಗ ಕಂಟ್ರೋಲ್-ಎಲ್ ಒತ್ತಿದರೆ ಪರದೆ ಅಳಿಯುವ ಬದಲು ಟೋಪಿ ಚಿಹ್ನೆಯೊಂದಿಗೆ ಎಲ್ ಅಕ್ಷರ (^L) ಮೂಡುತ್ತದೆ. ಕಮಾಂಡ್-ಕೆ ಶೆಲ್‌ವರೆಗೆ ಹೋಗುವುದೇ ಇಲ್ಲ, ಟರ್ಮಿನಲ್ ತಾನೇ ಅಳಿಸುತ್ತದೆ. ಹೀಗಾಗಿ ಲಾಗ್ ಓಡುತ್ತಿರುವಾಗಲೇ ಹಳೆಯದನ್ನೆಲ್ಲ ತೆಗೆದು, ಬ್ರೌಸರ್‌ನಲ್ಲಿ ಒಂದು ಬಟನ್ ಒತ್ತಿ, ಆ ಒಂದು ಕ್ಲಿಕ್ಕಿಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ಓದಬಹುದು. ಕೋಡ್ ತಿದ್ದಿ ಮತ್ತೆ ಮತ್ತೆ ಬಿಲ್ಡ್ ಮಾಡುವವರಿಗೂ (ಕೋಡಿನಿಂದ ಪ್ರೋಗ್ರಾಂ ತಯಾರಿಸುವವರಿಗೂ) ಇದು ಬಹಳ ಮುಖ್ಯ. ಹಿಂದಿನ ಬಿಲ್ಡಿನ ಔಟ್‌ಪುಟ್ ಅಲ್ಲೇ ಉಳಿದಿದ್ದರೆ, ಕಮಾಂಡ್-ಎಫ್ ಮೂಲಕ ಹುಡುಕಿದಾಗ ಈಗಾಗಲೇ ಸರಿಪಡಿಸಿದ ದೋಷವೇ ಮತ್ತೆ ಎದುರಾಗಿ ದಾರಿ ತಪ್ಪಿಸುತ್ತದೆ.

ಎಲ್ಲವನ್ನೂ ಅಳಿಸುವುದು ಬೇಡವೆನ್ನುವವರಿಗೆ ಕಮಾಂಡ್-ಎಲ್ ಇದೆ. ಅದು ಟರ್ಮಿನಲ್ ಪ್ರತಿ ಪ್ರಾಂಪ್ಟ್ ಬಳಿ ಇಡುವ ಗುರುತುಗಳಲ್ಲಿ ಹಿಂದಿನದರವರೆಗೆ, ಅಂದರೆ ಸಾಮಾನ್ಯವಾಗಿ ಕೊನೆಯ ಕಮಾಂಡ್‌ನ ಔಟ್‌ಪುಟ್ಟನ್ನಷ್ಟೇ ತೆಗೆಯುತ್ತದೆ. ಪರದೆಯನ್ನು ಉಳಿಸಿ ಸ್ಕ್ರೋಲ್‌ಬ್ಯಾಕ್, ಅಂದರೆ ಮೇಲೆ ಸರಿದ ಹಳೆಯ ಸಾಲುಗಳನ್ನು, ಮಾತ್ರ ಅಳಿಸಲು ಆಪ್ಷನ್-ಕಮಾಂಡ್-ಕೆ.

ಕೊರತೆಯಿರುವುದು ಪರದೆ ಅಳಿಸಲು ಟೈಪ್ ಮಾಡುವ ಕ್ಲಿಯರ್ ಕಮಾಂಡ್‌ನಲ್ಲಿ. ಇಂದಿನ ಬಹುತೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು ಸ್ಕ್ರೋಲ್‌ಬ್ಯಾಕನ್ನೂ ಅಳಿಸುತ್ತದೆ, ಬೇಡವಾದರೆ ಕ್ಲಿಯರ್ ಮೈನಸ್ ಎಕ್ಸ್ ಎಂದು ಕೊಡಬಹುದು. ಮ್ಯಾಕ್‌ನಲ್ಲಿ ಅದು ಪರದೆಗಷ್ಟೇ ಸೀಮಿತ. ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿಯಿರುವ ಫೈಲು) ಬರೆಯುವವರು ಸ್ಕ್ರೋಲ್‌ಬ್ಯಾಕನ್ನೂ ಅಳಿಸಬೇಕೆಂದರೆ ಎಸ್ಕೇಪ್, ತೆರೆಯುವ ಚೌಕ ಆವರಣ, 3, ದೊಡ್ಡ ಜೆ ಎಂಬ ಸಂಕೇತಸರಣಿಯನ್ನು ಪ್ರಿಂಟ್‌ಎಫ್ ಕಮಾಂಡ್‌ನಿಂದ ತಾವೇ ಕಳುಹಿಸಬೇಕು. ಇಷ್ಟು ಸಾಮಾನ್ಯ ಕೆಲಸಕ್ಕೆ ಇಂಥ ಸುತ್ತುದಾರಿ ಇರಬಾರದಿತ್ತು. ಒಂದೇ ವಿಂಡೋದಲ್ಲಿ ಹಲವು ಶೆಲ್‌ಗಳನ್ನು ನಡೆಸುವ ಟಿಮಕ್ಸ್ ಪ್ರೋಗ್ರಾಂ ಬಳಸುವವರಿಗೂ ಕಮಾಂಡ್-ಕೆ ಸಾಲದು, ಏಕೆಂದರೆ ಟಿಮಕ್ಸ್ ತನ್ನ ಇತಿಹಾಸವನ್ನು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಅದರದ್ದೇ ಕ್ಲಿಯರ್-ಹಿಸ್ಟರಿ ಕಮಾಂಡ್ ಬೇಕು.

ಅಳಿಸುವ ಮುನ್ನ ಟರ್ಮಿನಲ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ಮುಂದೆ ಬೇಕಾಗಬಹುದಾದ ಔಟ್‌ಪುಟ್ಟನ್ನು ಮೊದಲೇ ಕಮಾಂಡ್-ಎಸ್ ಒತ್ತಿ ಪಠ್ಯವಾಗಿ ಉಳಿಸಿಕೊಳ್ಳುವುದು ಒಳ್ಳೆಯದು. ಇನ್ನು, ಪಾಸ್‌ವರ್ಡ್ ಅಥವಾ ಟೋಕನ್ (ಪಾಸ್‌ವರ್ಡ್‌ನಂತೆ ಬಳಸುವ ಗುಪ್ತ ಸಂಕೇತ) ಪರದೆಯ ಮೇಲೆ ಬಂತೆಂದು ಕಮಾಂಡ್-ಕೆ ಒತ್ತಿದವರು ಒಂದನ್ನು ಗಮನಿಸಬೇಕು: 2019ರ ಕ್ಯಾಟಲಿನಾದಿಂದ ಮ್ಯಾಕ್‌ನ ಡೀಫಾಲ್ಟ್ ಶೆಲ್ ಆಗಿರುವ ಝೀ-ಶೆಲ್, ಟೈಪ್ ಮಾಡಿದ ಕಮಾಂಡ್‌ಗಳನ್ನು ಹೋಮ್ ಫೋಲ್ಡರಿನ ಪ್ರತ್ಯೇಕ ಹಿಸ್ಟರಿ ಫೈಲಿನಲ್ಲಿ ಬರೆದಿಡುತ್ತದೆ. ಟೋಕನ್ನನ್ನು ಕಮಾಂಡ್‌ನ ಭಾಗವಾಗಿಯೇ ಟೈಪ್ ಮಾಡಿದ್ದರೆ ಆ ಸಾಲನ್ನು ಅಲ್ಲಿಂದಲೂ ತೆಗೆಯಬೇಕಾಗುತ್ತದೆ.