ಚಾಕೊಲೇಟಿ ಮೂಲಕ ಟೀಮ್‌ವ್ಯೂವರ್, ಎನಿಡೆಸ್ಕ್: ಹಾಕುವುದು ಸಲೀಸು, ಅಪ್‌ಗ್ರೇಡ್‌ಗೆ ಎಚ್ಚರ

ಹತ್ತಾರು ವಿಂಡೋಸ್ ಕಂಪ್ಯೂಟರುಗಳನ್ನು ದೂರದಿಂದ ನೋಡಿಕೊಳ್ಳುವವರಿಗೆ ಚಾಕೊಲೇಟಿ ನಿಜಕ್ಕೂ ಕೈಹಿಡಿಯುವ ಪ್ಯಾಕೇಜ್ ಮ್ಯಾನೇಜರ್, ಅಂದರೆ ಒಂದು ಕಮಾಂಡ್ ಕೊಟ್ಟರೆ ಪ್ರೋಗ್ರಾಂಗಳನ್ನು ತಾನೇ ಇಳಿಸಿ ಹಾಕುವ, ಹೊಸದಾಗಿಸುವ ಸಾಧನ. ಗೂಗಲ್‌ನಲ್ಲಿ ಹುಡುಕಿ, ಮೇಲೆ ಕಂಡ ಜಾಹೀರಾತು ಒತ್ತಿ, ಯಾವುದೋ ನಕಲಿ ಸೈಟಿನ ಎನಿಡೆಸ್ಕ್ ಇಳಿಸಿಕೊಳ್ಳುವ ಅಪಾಯ ಇಲ್ಲಿಲ್ಲ. ಟೀಮ್‌ವ್ಯೂವರ್, ಎನಿಡೆಸ್ಕ್ ಎರಡೂ ಇಡೀ ಕಂಪ್ಯೂಟರನ್ನೇ ದೂರದಲ್ಲಿರುವ ಬೇರೆಯವರ ಕೈಗೆ ಕೊಡುವ ಸಾಫ್ಟ್‌ವೇರ್‌ಗಳು, ಹಾಗಾಗಿ ಈ ಒಂದು ಕಾರಣಕ್ಕೇ ಚಾಕೊಲೇಟಿ ಬಳಸಬಹುದು.

ವಿಂಡೋಸ್‌ನ ಕಮಾಂಡ್ ಕಿಟಕಿಯಾದ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಚೋಕೋ ಇನ್‌ಸ್ಟಾಲ್ ಟೀಮ್‌ವ್ಯೂವರ್ -ವೈ’ ಎಂದು ಕೊಟ್ಟರೆ ಸಾಕು. ಕೊನೆಯ ‘-ವೈ’ ಬಿಟ್ಟರೆ ಸ್ಕ್ರಿಪ್ಟ್ ಓಡಿಸಲು ಒಪ್ಪಿಗೆ ಕೇಳುತ್ತದೆ. ಎದುರಿಗೆ ಯಾರೂ ಇಲ್ಲದ ಕಂಪ್ಯೂಟರಿನಲ್ಲಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹೊರಗಿನಿಂದ ಬರುವ ಸಂಪರ್ಕವನ್ನಷ್ಟೇ ಒಪ್ಪಬೇಕಾದ ಯಂತ್ರಕ್ಕೆ ಪೂರ್ತಿ ಟೀಮ್‌ವ್ಯೂವರ್ ಬೇಡ, ಹೋಸ್ಟ್ ಆವೃತ್ತಿ ಸಾಕು.

ಆಗಾಗ ಎದುರಾಗುವ ತೊಂದರೆ ಚೆಕ್‌ಸಮ್, ಅಂದರೆ ಫೈಲು ಬದಲಾಗಿದೆಯೇ ಎಂದು ತಿಳಿಸುವ ಗುರುತಿನ ಸಂಖ್ಯೆ, ಹೊಂದಿಕೆಯಾಗದಿರುವುದು. ಚಾಕೊಲೇಟಿಯ ಸಾರ್ವಜನಿಕ ರೆಪಾಸಿಟರಿಯ (ಪ್ಯಾಕೇಜುಗಳ ಸಂಗ್ರಹ) ಎಷ್ಟೋ ಪ್ಯಾಕೇಜುಗಳೊಳಗೆ ಇನ್‌ಸ್ಟಾಲರ್ ಇರುವುದಿಲ್ಲ. ಅದನ್ನು ತಯಾರಕರ ಸೈಟಿನಿಂದ ಇಳಿಸುವ ಸ್ಕ್ರಿಪ್ಟ್ ಮತ್ತು ಫೈಲಿನ ಚೆಕ್‌ಸಮ್ ಮಾತ್ರ ಇರುತ್ತವೆ. ಎನಿಡೆಸ್ಕ್‌ನಂಥ ಕಂಪನಿಗಳು ಹೊಸ ಆವೃತ್ತಿಯನ್ನೂ ಹಳೆಯ ಡೌನ್‌ಲೋಡ್ ವಿಳಾಸದಲ್ಲೇ ಇಡುತ್ತವೆ. ಪ್ಯಾಕೇಜು ಆ ವಿಳಾಸವನ್ನು ನೆಚ್ಚಿಕೊಂಡಿದ್ದರೆ, ಫೈಲು ಬದಲಾದ ದಿನವೇ ಲೆಕ್ಕ ತಪ್ಪಿ ಕೆಂಪಕ್ಷರದ ದೋಷ ಬರುತ್ತದೆ. ಆಗ ‘--ಇಗ್ನೋರ್-ಚೆಕ್‌ಸಮ್ಸ್’ ಸೇರಿಸಿ ಮುಂದೆ ಹೋಗಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೈಲನ್ನು ಯಾರಾದರೂ ತಿರುಚಿದ್ದರೂ ಬರುವುದು ಇದೇ ದೋಷ. ಪ್ಯಾಕೇಜು ಪರಿಷ್ಕಾರವಾಗುವವರೆಗೆ ಕಾಯಿರಿ, ಇಲ್ಲವೇ ಇನ್‌ಸ್ಟಾಲರ್ ಅನ್ನು ಒಳಗೇ ಇಟ್ಟು ನಿಮ್ಮದೇ ಪ್ಯಾಕೇಜು ಕಟ್ಟಿ ಆಫೀಸಿನ ಸರ್ವರ್‌ನಲ್ಲಿಡಿ.

ಇನ್ನು ಅಪ್‌ಗ್ರೇಡ್. ‘ಚೋಕೋ ಅಪ್‌ಗ್ರೇಡ್ ಆಲ್ -ವೈ’ ಬ್ರೌಸರ್, ಪಿಡಿಎಫ್ ರೀಡರ್‌ಗಳಿಗೆ ಸೊಗಸಾದ ಕಮಾಂಡ್. ರಿಮೋಟ್ ಸಾಫ್ಟ್‌ವೇರನ್ನು ಅದರ ಪಾಲಿಗೆ ಬಿಡಬಾರದು. ಹಳೆಯ ಟೀಮ್‌ವ್ಯೂವರ್ ಲೈಸೆನ್ಸುಗಳು ಒಂದು ಮುಖ್ಯ ಆವೃತ್ತಿಗೆ ಸೀಮಿತ. 12ಕ್ಕೆ ದುಡ್ಡು ಕೊಟ್ಟವರ ಕಂಪ್ಯೂಟರಿಗೆ ರಾತ್ರೋರಾತ್ರಿ 15 ಬಂದು ಕೂತರೆ ಆ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. ಅಷ್ಟೇ ಅಲ್ಲ, ಹಳೆಯ ಟೀಮ್‌ವ್ಯೂವರ್‌ನಿಂದ ಹೊಸದಿರುವ ಯಂತ್ರಕ್ಕೆ ಸಂಪರ್ಕ ಸಿಗದು. ಆದ್ದರಿಂದ ಮೊದಲು ಮೇಲಾಗಬೇಕಾದದ್ದು ಸಹಾಯ ಮಾಡುವವರ ಕಂಪ್ಯೂಟರು, ಆಮೇಲೆ ಗ್ರಾಹಕರದ್ದು. ಹಾಕಿದ ಕೂಡಲೇ ‘ಚೋಕೋ ಪಿನ್ ಆ್ಯಡ್ --ನೇಮ್=ಟೀಮ್‌ವ್ಯೂವರ್’ ಕೊಟ್ಟುಬಿಡಿ; ಸಾಮೂಹಿಕ ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ.

ಅಪ್‌ಗ್ರೇಡ್ ಮಾಡುವ ದಿನ, ಯಾವ ಸಾಫ್ಟ್‌ವೇರ್ ಮೂಲಕ ಒಳಗೆ ಬಂದಿದ್ದೀರೋ ಅದನ್ನೇ ಮೇಲೇರಿಸಹೊರಟರೆ ಕೂತ ಕೊಂಬೆಯನ್ನೇ ಕಡಿದಂತೆ. ಇನ್‌ಸ್ಟಾಲರ್ ಸರ್ವಿಸನ್ನು ನಿಲ್ಲಿಸುತ್ತದೆ, ಪರದೆ ಕತ್ತಲಾಗುತ್ತದೆ, ಮಧ್ಯದಲ್ಲಿ ಏನಾದರೂ ಕೆಟ್ಟರೆ ಯಾರಾದರೂ ಖುದ್ದಾಗಿ ಅಲ್ಲಿಗೆ ಹೋಗಬೇಕು. ಮೊದಲು ಇನ್ನೊಂದು ದಾರಿ ಮಾಡಿಟ್ಟುಕೊಳ್ಳಿ: ವಿಪಿಎನ್ (ಸುರಕ್ಷಿತ ಖಾಸಗಿ ಜಾಲ) ಒಳಗಿನ, ವಿಂಡೋಸ್‌ನದೇ ಆದ ರಿಮೋಟ್ ಡೆಸ್ಕ್‌ಟಾಪ್ ಅಥವಾ ದೂರದಿಂದ ಕಮಾಂಡ್ ಕೊಡಲು ಬಿಡುವ ಓಪನ್‌ಎಸ್‌ಎಸ್‌ಎಚ್ ಸರ್ವರ್. ವಿಂಡೋಸ್ ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲ ಎಂಬುದು ನೆನಪಿರಲಿ. ನಂತರ ಪಿನ್ ತೆಗೆದು, ಅಪ್‌ಗ್ರೇಡ್ ಕಮಾಂಡಿಗೆ ‘--ವಾಟ್‌ಇಫ್’ ಸೇರಿಸಿ ಏನೇನು ಬದಲಾಗಲಿದೆ ಎಂದು ನೋಡಿ, ಆಮೇಲೆ ಅದಿಲ್ಲದ ಕಮಾಂಡನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಸ್ಟಮ್ ಖಾತೆಯಡಿ ಹತ್ತು ನಿಮಿಷ ಮುಂದಕ್ಕೆ ಇಟ್ಟು ಹೊರಬನ್ನಿ. ಕಮಾಂಡ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೂ ಚಾಕೊಲೇಟಿ 2700 ಸೆಕೆಂಡು, ಅಂದರೆ 45 ನಿಮಿಷ ಕಾದು ಕೈಬಿಡುತ್ತದೆ. 3010 ಎಂಬ ಕೋಡ್ ಕಂಡರೆ ಗಾಬರಿ ಬೇಡ. ಕೆಲಸ ಆಗಿದೆ, ರೀಸ್ಟಾರ್ಟ್ ಬಾಕಿ ಇದೆ ಎಂದರ್ಥ. ಉಳಿದ ವಿವರವೆಲ್ಲ ಪ್ರೋಗ್ರಾಂಡೇಟಾದ ಚಾಕೊಲೇಟಿ ಫೋಲ್ಡರಿನ ಲಾಗ್ಸ್ ಒಳಗೆ ಸಿಗುತ್ತದೆ.

ಹಾಕುವಾಗ ಕೊಟ್ಟ ವಿಶೇಷ ಆಯ್ಕೆಗಳನ್ನು ಅಪ್‌ಗ್ರೇಡ್‌ನಲ್ಲಿ ಚಾಕೊಲೇಟಿ ತಾನಾಗಿ ಮತ್ತೆ ಬಳಸುವುದಿಲ್ಲ. ‘ಯೂಸ್‌ರಿಮೆಂಬರ್ಡ್‌ಆರ್ಗ್ಯುಮೆಂಟ್ಸ್‌ಫಾರ್‌ಅಪ್‌ಗ್ರೇಡ್ಸ್’ ಎಂಬ ಫೀಚರ್ ಮೊದಲಿಗೆ ಆಫ್ ಆಗಿರುತ್ತದೆ, ಆನ್ ಮಾಡಿಕೊಳ್ಳಿ. ಎನಿಡೆಸ್ಕ್ ಅನ್ನು ತೆಗೆದು ಮತ್ತೆ ಹಾಕುವುದಾದರೆ ಪ್ರೋಗ್ರಾಂಡೇಟಾದ ಎನಿಡೆಸ್ಕ್ ಫೋಲ್ಡರಿನಲ್ಲಿರುವ ‘ಸರ್ವಿಸ್ ಡಾಟ್ ಕಾನ್ಫ್’ ಫೈಲನ್ನು ಮೊದಲು ನಕಲು ಮಾಡಿಡಿ. ಅದು ಅಳಿಸಿಹೋದರೆ ಎನಿಡೆಸ್ಕ್ ಐಡಿಯೇ ಬದಲಾಗುತ್ತದೆ, ಗ್ರಾಹಕರ ಪಟ್ಟಿಯಲ್ಲಿ ಬರೆದಿಟ್ಟ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ.

ಕೈಯಾರೆ ಹಾಕಿದ ಪ್ರೋಗ್ರಾಂಗಳು ಚಾಕೊಲೇಟಿಯ ಲೆಕ್ಕಕ್ಕೆ ಸಿಗುವುದಿಲ್ಲ. ಮೈಕ್ರೋಸಾಫ್ಟ್‌ನದೇ ಪ್ಯಾಕೇಜ್ ಮ್ಯಾನೇಜರ್ ಆದ ವಿನ್‌ಗೆಟ್ ಇಲ್ಲಿ ಮೇಲು. ಅದು ವಿಂಡೋಸ್‌ನ ಇನ್‌ಸ್ಟಾಲ್ ಪಟ್ಟಿಯನ್ನೇ ಓದುತ್ತದೆ. ಆದರೆ ಚೆಕ್‌ಸಮ್ ತಾಪತ್ರಯ ಅದಕ್ಕೂ ತಪ್ಪಿದ್ದಲ್ಲ.

ಪಿನ್ ಹಾಕಿ ಮರೆತುಬಿಡುವುದೂ ಅಪಾಯವೇ. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರ್‌ಗಳಿಗೆ ಕನ್ನ ಬಿದ್ದದ್ದನ್ನು ಪ್ರಕಟಿಸಿ ಸಾಫ್ಟ್‌ವೇರ್ ತನ್ನದೇ ಎಂದು ಸಾರುವ ಡಿಜಿಟಲ್ ಸಹಿಯ ಪ್ರಮಾಣಪತ್ರವನ್ನೇ ಬದಲಿಸಿತು. ವಿಂಡೋಸ್‌ನಲ್ಲಿ ಹೊಸ ಸಹಿ 8.0.8ರಲ್ಲಿ ಬಂತು. ವಾರಕ್ಕೊಮ್ಮೆ ‘ಚೋಕೋ ಔಟ್‌ಡೇಟೆಡ್’ ಓಡಿಸಿ. ಹೆಸರು, ಈಗಿನ ಆವೃತ್ತಿ, ಹೊಸ ಆವೃತ್ತಿ, ಪಿನ್ ಇದೆಯೇ ಎಂದು ನಾಲ್ಕು ಅಂಕಣ ಬರುತ್ತವೆ. ನಾಲ್ಕನೆಯದರಲ್ಲಿ ‘ಟ್ರೂ’ ಎಂದಿರುವ ಪ್ರತಿ ಸಾಲಿನ ಎರಡು ಆವೃತ್ತಿಗಳ ನಡುವೆ ಭದ್ರತಾ ತಿದ್ದುಪಡಿ ಬಂದಿದೆಯೇ ಎಂದು ತಯಾರಕರ ಬಿಡುಗಡೆ ಟಿಪ್ಪಣಿಯಲ್ಲಿ ನೋಡಿ. ಬಂದಿದ್ದರೆ ಅದೇ ವಾರ ಪಿನ್ ತೆಗೆಯಿರಿ.